ಫಾಲ್ಕೆಯವರು ಚಿತ್ರಗಳನ್ನು ನೋಡಿದ ಬೇಸಗೆ

ಚಲಚ್ಚಿತ್ರವನ್ನು ಪದೇ ಪದೇ ನೋಡುವುದು ಕಾಲಹರಣದ ಮಾರ್ಗವೆಂದೂ, ಅದರಿಂದ ಕಣ್ಣಿಗೂ ಕಿಸೆಗೂ ಏಕಕಾಲದಲ್ಲಿ ಕೇಡೆಂದೂ ಹಿರಿಯರು ಹೇಳುತ್ತ ಬಂದಿರುವುದು ಹೊಸ ಮಾತಲ್ಲ. ಆ ಮಾತು ಬಹುಮಟ್ಟಿಗೆ ದಿಟವೂ ಅಹುದು. ಆದರೆ ಭರತಖಂಡದ ಚಲಚ್ಚಿತ್ರದ ಇತಿಹಾಸದಲ್ಲಿ ಒಂದು ಬೇಸಗೆಯುಂಟು. ಆಗ ಮುಂಬಯಿಯಲ್ಲಿ, ನಲವತ್ತು ತುಂಬಿದ ಗೃಹಸ್ಥರೊಬ್ಬರು, ಕೈಯಲ್ಲಿ ಉದ್ಯೋಗವಿಲ್ಲದೆ, ಮನೆಯಲ್ಲಿ ಮಡದಿಮಕ್ಕಳಿರಲು, ದಿನದಿನವೂ ಚಿತ್ರಪ್ರದರ್ಶನಗಳಿಗೆ ಹೋಗಿಬರುತ್ತಲಿದ್ದರು. ಹಿರಿಯರು ಹೇಳುವ ಎರಡು ಕೇಡುಗಳೂ ಅವರಿಗೆ ಅಕ್ಷರಶಃ ಪ್ರಾಪ್ತವಾದುವು: ಕಣ್ಣು ಕೆಟ್ಟಿತು, ಕೈ ಬರಿದಾಯಿತು. ಆದರೂ ಎರಡು ವರ್ಷಗಳ ತರುವಾಯ ದೇಶಕ್ಕೊಂದು ಹೊಸ ಕಲೆ ದೊರಕಿತು. ಧುಂಡಿರಾಜ ಗೋವಿಂದ ಫಾಲ್ಕೆ ಎಂಬುದು ಆ ಗೃಹಸ್ಥರ ಹೆಸರು. ಲೋಕವು ಅವರನ್ನು ದಾದಾಸಾಹೇಬ ಫಾಲ್ಕೆಯವರೆಂದು ಬಲ್ಲುದು.

ಚಲಚ್ಚಿತ್ರವು ಆಗ ಈ ದೇಶಕ್ಕೆ ಬಂದು ಹದಿನೈದು ವರ್ಷಗಳಾಗಿದ್ದುವು. ಫ್ರಾನ್ಸ್ ದೇಶದ ಲೂಮಿಯೇರ್ ಸಹೋದರರ ಯಂತ್ರವು ೧೮೯೬ನೆಯ ಇಸವಿ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು. ಪ್ರವೇಶಕ್ಕೆ ಒಂದು ರೂಪಾಯಿ. ಅಲ್ಲಿಂದೀಚೆಗೆ ಪರದೇಶದ ಚಿತ್ರಗಳು ಹಡಗುಗಳಲ್ಲಿ ಬಂದು, ಡೇರೆಗಳಲ್ಲಿಯೂ ನಾಟಕಶಾಲೆಗಳಲ್ಲಿಯೂ ಪ್ರದರ್ಶಿತವಾಗುತ್ತಲಿದ್ದುವು. ತೆರೆಯ ಮೇಲೆ ಓಡುವ ರೈಲುಗಾಡಿ, ಕಡಲ ತೆರೆ, ವಿದೂಷಕನ ಪಲ್ಟಿ, ಇವನ್ನೆಲ್ಲ ಜನರು ಕಂಡು ನಕ್ಕು ಮನೆಗೆ ಮರಳುತ್ತಿದ್ದರು. ಈ ವಿದ್ಯೆಯನ್ನು ತಾವೂ ಕಲಿತು, ತಮ್ಮ ಕಥೆಗಳನ್ನು ಅದರಲ್ಲಿ ಹೇಳಬಹುದೆಂಬ ಎಣಿಕೆ ಬಹು ಮಂದಿಗೆ ಇರಲಿಲ್ಲ.

ಫಾಲ್ಕೆಯವರು ಹುಟ್ಟಿದುದು ೧೮೭೦ನೆಯ ಇಸವಿ ಏಪ್ರಿಲ್ ೩೦ರಂದು, ನಾಸಿಕದ ಬಳಿಯ ತ್ರ್ಯಂಬಕ ಕ್ಷೇತ್ರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಪೌರೋಹಿತ್ಯವೂ ಶಾಸ್ತ್ರವೂ ಕುಲವೃತ್ತಿಯಾದ ಮನೆಯಲ್ಲಿ ಹುಟ್ಟಿದ ಈ ಬಾಲಕನಿಗೆ ಕೈಗೆಲಸದ ಕಲೆಗಳಲ್ಲಿಯೇ ಆಸಕ್ತಿ. ೧೮೮೫ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿ, ಅನಂತರ ಬರೋಡೆಯ ಕಲಾಭವನದಲ್ಲಿ ಚಿತ್ರಲೇಖನ, ಛಾಯಾಗ್ರಹಣ ಮೊದಲಾದುವನ್ನು ಅಭ್ಯಾಸಮಾಡಿದರು. ಗೋಧ್ರಾ ಪಟ್ಟಣದಲ್ಲಿ ಛಾಯಾಚಿತ್ರದ ಅಂಗಡಿಯನ್ನಿಟ್ಟರು. ಪ್ಲೇಗು ರೋಗಕ್ಕೆ ಮೊದಲನೆಯ ಮಡದಿ ತೀರಿಕೊಂಡರು. ಇಂದ್ರಜಾಲವನ್ನು ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನೇ ತಿರುಗುಮುರುಗು ಮಾಡಿ ‘ಪ್ರೊಫೆಸರ್ ಕೇಲ್ಫಾ’ ಎಂಬ ಬಿರುದಿನಿಂದ ಪ್ರದರ್ಶನಗಳನ್ನು ಕೊಟ್ಟುದೂ ಉಂಟು. ೧೯೦೩ರಲ್ಲಿ ಪ್ರಾಕ್ತನ ಇಲಾಖೆಯಲ್ಲಿ ಛಾಯಾಗ್ರಾಹಕರಾಗಿಯೂ ನಕ್ಷೆಗಾರರಾಗಿಯೂ ನೇಮಕವಾದರು. ವಂಗಭಂಗವನ್ನು ಅನುಸರಿಸಿ ಸ್ವದೇಶಿಯ ಕೂಗು ಎದ್ದಾಗ ಆ ಕೆಲಸವನ್ನು ಬಿಟ್ಟು, ಲೋಣಾವಳೆಯಲ್ಲಿ ಅಚ್ಚಿನ ಪಡಿಯಚ್ಚುಗಳನ್ನು ತಯಾರಿಸುವ ಕಾರ್ಖಾನೆಯನ್ನು ತೆರೆದರು. ರವಿವರ್ಮರ ಚಿತ್ರಮುದ್ರಣಾಲಯಕ್ಕೂ ಕೆಲಸ ಮಾಡಿದರು. ಬಣ್ಣದ ಮುದ್ರಣದ ಯಂತ್ರಗಳಿಗಾಗಿ ೧೯೦೯ರಲ್ಲಿ ಜರ್ಮನಿಗೂ ಹೋಗಿಬಂದರು. ಆದರೆ ಪಾಲುದಾರರೊಡನೆ ಭಿನ್ನಾಭಿಪ್ರಾಯವುಂಟಾಗಿ, ತಾವೇ ಕಟ್ಟಿ ಬೆಳೆಸಿದ ಮುದ್ರಣಾಲಯದಿಂದ ಹೊರಬಿದ್ದರು. ಒಂದೊಂದು ವಿದ್ಯೆಯನ್ನೂ ಹಿಡಿದು, ಅದು ಕೈಗೂಡುವ ವೇಳೆಗೆ ಬಿಡಬೇಕಾಗಿ ಬಂದ ಮನುಷ್ಯನ ಕಥೆಯಿದು. ಚಿತ್ರ, ಛಾಯಾಗ್ರಹಣ, ಮುದ್ರಣ, ಇಂದ್ರಜಾಲ, ಇವೆಲ್ಲವೂ ಒಂದೇ ಕಲೆಯಲ್ಲಿ ಕೂಡಿಕೊಳ್ಳುವುವೆಂದು ಆಗ ಅವರಿಗೂ ಗೊತ್ತಿರಲಿಲ್ಲ.

೧೯೧೧ನೆಯ ಇಸವಿ ಏಪ್ರಿಲ್ ೧೪ರಂದು ಅವರು ತಮ್ಮ ಹಿರಿಯ ಮಗ ಭಾಲಚಂದ್ರನನ್ನು ಕರೆದುಕೊಂಡು ಗಿರ್ಗಾಂವಿನ ಅಮೆರಿಕ-ಇಂಡಿಯಾ ಪಿಕ್ಚರ್ ಪ್ಯಾಲೇಸಿಗೆ ಹೋದರೆಂದು ಚರಿತ್ರಕಾರರು ಹೇಳುತ್ತಾರೆ. ಅಂದು ತೋರಿಸಿದುದು ಮೃಗಗಳ ಚಿತ್ರ. ತೆರೆಯ ಮೇಲೆ ಜೀವಂತ ಮೃಗಗಳು ಓಡಾಡಿದುವೆಂದು ಹುಡುಗನು ಮನೆಗೆ ಬಂದು ಹೇಳಲು ಒಬ್ಬರೂ ನಂಬಲಿಲ್ಲ. ಮಾತಿನಿಂದ ನಂಬಿಕೆ ಹುಟ್ಟದೆಂದು ಕಂಡು, ಫಾಲ್ಕೆಯವರು ಮಾರನೆಯ ದಿನ ಮನೆಮಂದಿಯನ್ನೆಲ್ಲ ಕರೆದೊಯ್ದರು. ಅದು ಈಸ್ಟರ್ ಹಬ್ಬದ ಸಮಯ. ಆದಕಾರಣ ಮೃಗಗಳ ಚಿತ್ರಕ್ಕೆ ಪ್ರತಿಯಾಗಿ ಏಸುಕ್ರಿಸ್ತನ ಜೀವನಚರಿತ್ರೆಯ ಚಿತ್ರವನ್ನು ತೋರಿಸಿದರು. ಈ ಘಟನೆಯನ್ನು ಹಿಂದಿನ ವರ್ಷದ ಕ್ರಿಸ್‌ಮಸ್ ಹಬ್ಬಕ್ಕೆ ಸೇರಿಸಿ ಹೇಳುವ ಚರಿತ್ರೆಗಳೂ ಇವೆ. ಹಬ್ಬ ಯಾವುದಾದರೂ ಚಿತ್ರ ಒಂದೇ, ಅದು ಮಾಡಿದ ಪರಿಣಾಮವೂ ಒಂದೇ.

ಆ ಪರಿಣಾಮವನ್ನು ಫಾಲ್ಕೆಯವರೇ ೧೯೧೭ರಲ್ಲಿ ‘ನವಯುಗ’ವೆಂಬ ಮರಾಠಿ ಮಾಸಪತ್ರಿಕೆಯಲ್ಲಿ ವಿವರಿಸಿದ್ದಾರೆ. ಕಣ್ಣಿನ ಮುಂದೆ ಕ್ರಿಸ್ತನ ಚರಿತ್ರೆಯು ನಡೆಯುತ್ತಿರಲು, ಅವರ ಮನಸ್ಸಿನ ಮುಂದೆ ಶ್ರೀಕೃಷ್ಣ, ಶ್ರೀರಾಮ, ಗೋಕುಲ, ಅಯೋಧ್ಯೆಗಳು ಸುಳಿದುವಂತೆ. ನಮ್ಮ ದೇಶದ ಮಕ್ಕಳು ನಮ್ಮ ಪುರಾಣಪುರುಷರನ್ನು ಹೀಗೆ ತೆರೆಯ ಮೇಲೆ ಕಾಣುವ ಕಾಲ ಬಂದೀತೇ ಎಂದು ಅವರು ವ್ಯಾಕುಲಪಟ್ಟರು. ಚಿತ್ರ ಮುಗಿದ ಕೂಡಲೇ ಮತ್ತೊಮ್ಮೆ ಅದನ್ನೇ ನೋಡಿದರು. ಆ ರಾತ್ರಿ ನಿದ್ರೆ ಹತ್ತಲಿಲ್ಲ. ಸ್ವದೇಶಿಯ ವ್ರತವನ್ನು ಹಿಡಿದು ಸರ್ಕಾರದ ಸಂಬಳವನ್ನೇ ಬಿಟ್ಟ ಮನುಷ್ಯನಿಗೆ, ಅರಿವೆ ಸಕ್ಕರೆಗಳಲ್ಲಿರುವಂತೆಯೇ ಕಣ್ಣಿಗೆ ಬೀಳುವ ಕಥೆಗಳಲ್ಲಿಯೂ ಸ್ವದೇಶಿ ಪರದೇಶಿಗಳುಂಟೆಂದು ಆಗ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಅಲ್ಲಿಂದ ಪ್ರಾರಂಭವಾಯಿತು ಅವರ ಚಿತ್ರವ್ಯಾಸಂಗ. ದಿನಕ್ಕೆ ನಾಲ್ಕೈದು ಗಂಟೆಗಳಷ್ಟು ಕಾಲ ಚಿತ್ರಗಳನ್ನು ನೋಡುವರು. ಕಥೆಯ ರಸದಲ್ಲಿ ಮೈಮರೆಯುವುದು ಸಾಮಾನ್ಯ ಪ್ರೇಕ್ಷಕನ ಸುಖ. ಫಾಲ್ಕೆಯವರಿಗೆ ಆ ಸುಖದೊಡನೆ ಒಂದು ಕಾರ್ಯವೂ ಇದ್ದಿತು. ಈ ದೃಶ್ಯವನ್ನು ಹೇಗೆ ಹಿಡಿದರು, ಈ ಮಾಯವಾಗುವಿಕೆ ಹೇಗೆ ಸಾಧ್ಯವಾಯಿತು, ಒಂದು ದೃಶ್ಯಕ್ಕೆ ಮತ್ತೊಂದನ್ನು ಹೇಗೆ ಜೋಡಿಸಿದರು ಎಂಬುದನ್ನು ಕಂಡುಕೊಳ್ಳಬೇಕಾದರೆ ಒಂದು ಬಾರಿಯ ನೋಟ ಸಾಲದು. ಅದನ್ನು ಕಲಿಸುವ ಶಾಲೆ ದೇಶದಲ್ಲಿ ಇರಲಿಲ್ಲ; ಚಿತ್ರಮಂದಿರವೇ ಶಾಲೆ, ಪ್ರವೇಶದ ಚೀಟಿಯೇ ಶುಲ್ಕ. ಹಗಲು ಯೂರೋಪಿನಿಂದ ತರಿಸಿದ ಪುಸ್ತಕಗಳನ್ನೂ ಯಂತ್ರಗಳ ಬೆಲೆಪಟ್ಟಿಗಳನ್ನೂ ಓದುವರು. ರಾತ್ರಿ ಮನೆಯಲ್ಲಿ ಒಂದು ಸಣ್ಣ ಯಂತ್ರಕ್ಕೆ ಮೇಣದ ಬತ್ತಿಯ ಬೆಳಕನ್ನು ಕೊಟ್ಟು, ಗೋಡೆಯ ಮೇಲೆ ಚಿತ್ರಗಳನ್ನು ಮೂಡಿಸಿ ಪರೀಕ್ಷಿಸುವರು.

ದೇಹವು ಇದನ್ನು ಬಹುಕಾಲ ಸಹಿಸಲಿಲ್ಲ. ನಿದ್ರೆಯಿಲ್ಲದೆ, ಮಿನುಗುವ ತೆರೆಯನ್ನು ದಿನವೂ ದಿಟ್ಟಿಸಿ ದಿಟ್ಟಿಸಿ, ಅವರ ಎರಡು ಕಣ್ಣುಗಳ ದೃಷ್ಟಿಯೂ ಹೋಯಿತು. ನೋಟವನ್ನೇ ಬಾಳಿನ ಕಸುಬಾಗಿ ಮಾಡಿಕೊಂಡಿದ್ದ ಚಿತ್ರಗಾರನಿಗೆ ಇದಕ್ಕಿಂತಲೂ ದೊಡ್ಡ ದಂಡವು ಯಾವುದಿದ್ದೀತು? ಸುದೈವದಿಂದ ನೇತ್ರವೈದ್ಯರೊಬ್ಬರ ಚಿಕಿತ್ಸೆಯು ಫಲಿಸಿ, ದೃಷ್ಟಿಯು ಕೊಂಚ ಕೊಂಚವಾಗಿ ಮರಳಿತು. ಮೂರು ನಾಲ್ಕು ಬಗೆಯ ಕನ್ನಡಕಗಳನ್ನು ಸಮಯಕ್ಕೆ ತಕ್ಕಂತೆ ಬದಲಾಯಿಸಿಕೊಂಡು ಅವರು ಮತ್ತೆ ಕೆಲಸಕ್ಕೆ ಕುಳಿತರು. ಬೇರೆಯವನಾದರೆ ಅಲ್ಲಿಗೆ ಕೈಬಿಡುತ್ತಿದ್ದನು. ಇಷ್ಟು ತೆತ್ತು ಬರಿಗೈಯಲ್ಲಿ ಮರಳುವುದು ಫಾಲ್ಕೆಯವರಿಗೆ ಒಪ್ಪಿಗೆಯಾಗಲಿಲ್ಲ.

ಇನ್ನು ಹಣದ ಮಾತು. ಯಂತ್ರವನ್ನು ಕೊಳ್ಳಬೇಕಾದರೆ ಲಂಡನ್ನಿಗೆ ಹೋಗಬೇಕು. ಅವರು ತಮ್ಮ ಜೀವವಿಮೆಯ ಪತ್ರಗಳನ್ನು ಅಡವಿಟ್ಟು ಹತ್ತು ಸಾವಿರ ರೂಪಾಯಿಗಳ ಸಾಲವನ್ನೆತ್ತಿದರು. ತಾನು ಸತ್ತರೆ ಮಕ್ಕಳಿಗೆ ಆಗಲಿ ಎಂದು ಕೂಡಿಟ್ಟ ಹಣವನ್ನು ತೆರೆಯ ಮೇಲಿನ ನೆರಳಿಗಾಗಿ ಅಡವಿಡುವುದೆಂದರೆ ಬಂಧುಗಳಿಗೆ ಹೇಗೆ ತೋರಿದ್ದೀತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ೧೯೧೨ನೆಯ ಇಸವಿ ಫೆಬ್ರವರಿ ೧ರಂದು ಅವರು ಹಡಗನ್ನೇರಿದರು. ಲಂಡನ್ನಿನಲ್ಲಿ ‘ಬಯಾಸ್ಕೋಪ್’ ಎಂಬ ವಾರಪತ್ರಿಕೆಯ ಹಲಗೆಯನ್ನು ಕಂಡು, ತಾವು ಅದರ ಚಂದಾದಾರರೆಂಬ ಸಲಿಗೆಯಿಂದ ನೇರವಾಗಿ ಸಂಪಾದಕರಾದ ಕೇಬರ್ನ್ ಅವರ ಬಳಿಗೆ ಹೋದರು. ಇಂಗ್ಲೆಂಡಿನಲ್ಲಿಯೇ ಚಿತ್ರ ತಯಾರಿಸುವವರು ಸೋಲುತ್ತಿರುವಾಗ, ಭಾರತದ ಹವೆಯಲ್ಲಿ ಇದು ಸಾಗದೆಂದು ಸಂಪಾದಕರು ಮೊದಲು ಎಚ್ಚರಿಕೆ ಹೇಳಿದರು. ಬಂದವರ ನಿಷ್ಠೆಯನ್ನು ಕಂಡು ಮನಸ್ಸು ತಿರುಗಿ, ವಾಲ್ಟನ್ ಎಂಬಲ್ಲಿ ಚಿತ್ರಶಾಲೆಯನ್ನು ನಡೆಸುತ್ತಿದ್ದ ಸೆಸಿಲ್ ಹೆಪ್‌ವರ್ತ್ ಅವರಿಗೆ ಪರಿಚಯ ಮಾಡಿಸಿಕೊಟ್ಟರು. ಫಾಲ್ಕೆಯವರು ಆ ಶಾಲೆಯ ವಿಭಾಗಗಳನ್ನೆಲ್ಲ ಕಂಡು, ಐವತ್ತು ಪೌಂಡುಗಳಿಗೆ ವಿಲಿಯಮ್‌ಸನ್ ಕ್ಯಾಮೆರಾವನ್ನು ಕೊಂಡು, ಕಚ್ಚಾ ಫಿಲ್ಮಿಗೂ ಅದರ ಅಂಚಿಗೆ ರಂಧ್ರ ಕೊರೆಯುವ ಯಂತ್ರಕ್ಕೂ ಬೇಡಿಕೆ ಸಲ್ಲಿಸಿ, ಏಪ್ರಿಲ್ ೧ರಂದು ಮುಂಬಯಿಗೆ ಮರಳಿದರು.

ಯಂತ್ರ ಬಂದಿತು, ಬಂಡವಾಳ ಹೂಡುವವರು ಬರಲಿಲ್ಲ. ಅವರಿಗೆ ನಂಬಿಕೆ ಹುಟ್ಟಿಸಲು ಫಾಲ್ಕೆಯವರು ಒಂದು ಕುಂಡದಲ್ಲಿ ಬಟಾಣಿಯ ಬೀಜವನ್ನು ನೆಟ್ಟು, ಅದರ ಮುಂದೆ ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ಒಂದು ತಿಂಗಳಿಗೂ ಮೇಲ್ಪಟ್ಟು ದಿನಕ್ಕಿಷ್ಟರಂತೆ ಚಿತ್ರಗಳನ್ನು ಹಿಡಿದರು. ಮೊಳಕೆಯೊಡೆದು ಬಳ್ಳಿಯಾಗುವ ತಿಂಗಳ ಕೆಲಸವನ್ನು ಒಂದು ನಿಮಿಷಕ್ಕೆ ಸ್ವಲ್ಪ ಮೇಲ್ಪಟ್ಟ ಕಾಲದಲ್ಲಿ ತೆರೆಯ ಮೇಲೆ ಕಂಡವರು ಬೆರಗಾದರು, ಸಾಲವೂ ಹುಟ್ಟಿತು. ಆದರೂ ಸಾಲದೆ ಬಂದಾಗ ಮಡದಿಯ ಒಡವೆಗಳು ಹೊರಬಂದುವು.

ಈ ಮಡದಿಯ ವಿಷಯದಲ್ಲಿ ಇತಿಹಾಸವು ಜಿಪುಣತನವನ್ನು ತೋರಿದೆ. ಸರಸ್ವತೀಬಾಯಿಯವರು ಒಡವೆಗಳನ್ನು ಕೊಟ್ಟುದು ಮಾತ್ರವೇ ಅಲ್ಲ. ಕತ್ತಲೆಯ ಕೋಣೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವುದನ್ನೂ, ಅದನ್ನು ರಸಾಯನದಲ್ಲಿ ತೊಳೆದು ಚಿತ್ರ ಮೂಡಿಸುವುದನ್ನೂ ಪತಿಯಿಂದ ಕಲಿತರು. ಚಿತ್ರದ ಕೆಲಸ ನಡೆಯುತ್ತಿದ್ದಾಗ ಅರುವತ್ತು ಎಪ್ಪತ್ತು ಮಂದಿಗೆ ತಾವೇ ಅಡಿಗೆ ಮಾಡಿ ಬಡಿಸುತ್ತಿದ್ದರು, ಉಡುಪುಗಳನ್ನು ಒಗೆಯುತ್ತಿದ್ದರು. ಗಂಡನು ದಿನವೂ ಚಿತ್ರ ನೋಡಲು ಹೋಗುತ್ತಿದ್ದ ತಿಂಗಳುಗಳಲ್ಲಿ ಸಂಸಾರವನ್ನು ತೂಗಿಸಿದವರೂ ಅವರೇ. ಒಬ್ಬನ ಹಂಬಲಕ್ಕೆ ಇಬ್ಬರು ತೆತ್ತ ಬೆಲೆಯಿಂದ ಆ ಚಿತ್ರವು ಹುಟ್ಟಿತು.

ಅದು ‘ರಾಜಾ ಹರಿಶ್ಚಂದ್ರ’. ಹರಿಶ್ಚಂದ್ರನ ಪಾತ್ರವನ್ನು ದತ್ತಾತ್ರೇಯ ದಾಮೋದರ ದಾಬ್ಕೆಯವರು ವಹಿಸಿದರು. ರಾಣಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದೆ ಹೋಗಲು, ಹೋಟೆಲೊಂದರಲ್ಲಿ ಅಡಿಗೆಯ ಕೆಲಸದಲ್ಲಿದ್ದ ಅಣ್ಣಾ ಸಾಳುಂಕೆ ಎಂಬ ತರುಣನೇ ಸೀರೆಯುಟ್ಟು ನಿಂತನು. ರಾಜಕುಮಾರನಾದವನು, ಅಂದು ಮೃಗಗಳ ಚಿತ್ರವನ್ನು ಕಂಡು ಬಂದು ಹೇಳಿ ಯಾರನ್ನೂ ನಂಬಿಸಲಾರದೆ ಹೋಗಿದ್ದ ಭಾಲಚಂದ್ರ. ಸುಮಾರು ಏಳು ತಿಂಗಳುಗಳ ದುಡಿಮೆಯಿಂದ ೩,೭೦೦ ಅಡಿಗಳ ಚಿತ್ರವು ಸಿದ್ಧವಾಯಿತು. ೧೯೧೩ನೆಯ ಇಸವಿ ಏಪ್ರಿಲ್ ೨೧ರಂದು ಒಲಿಂಪಿಯಾ ಥಿಯೇಟರಿನಲ್ಲಿ ಆಹ್ವಾನಿತರಿಗೂ, ಮೇ ೩ರಂದು ಗಿರ್ಗಾಂವಿನ ಕಾರೋನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗೂ ಅದನ್ನು ತೋರಿಸಲಾಯಿತು. ಇದಕ್ಕೆ ಒಂದು ವರ್ಷ ಮೊದಲೇ, ೧೯೧೨ರ ಮೇ ೧೮ರಂದು, ಅದೇ ಕಾರೋನೇಷನ್‌ನಲ್ಲಿ ದಾದಾಸಾಹೇಬ ತೋರಣೆಯವರ ‘ಶ್ರೀ ಪುಂಡಲೀಕ’ವು ಪ್ರದರ್ಶಿತವಾಗಿದ್ದುದನ್ನು ಮರೆಯಲಾಗದು. ಆದರೆ ಅದು ರಂಗದ ಮೇಲಿನ ನಾಟಕವನ್ನೇ ಹಿಡಿದ ಚಿತ್ರ. ಕ್ಯಾಮೆರಾ ತಿರುಗಿಸಿದವನು ಆಂಗ್ಲನು, ಫಿಲ್ಮು ಸಂಸ್ಕಾರ ಹೊಂದಿದುದು ಲಂಡನ್ನಿನಲ್ಲಿ. ಆದುದರಿಂದಲೇ ಆದ್ಯತೆಯ ಗೌರವವು ಬಹುಮತದಿಂದ ಫಾಲ್ಕೆಯವರಿಗೆ ಸಂದಿದೆ.

ಹರಿಶ್ಚಂದ್ರನ ಕಥೆಯನ್ನು ಅವರು ಆರಿಸಿಕೊಂಡುದು ಕನ್ನಡಿಗರಿಗೆ ವಿಶೇಷವಾಗಿ ಅರ್ಥವಾಗತಕ್ಕ ಸಂಗತಿ. ಮರಾಠಿಗರ ತಾರಾಮತಿ ರೋಹಿದಾಸರು ರಾಘವಾಂಕನ ಕಾವ್ಯದಿಂದಾಗಿ ನಮಗೆ ಚಂದ್ರಮತಿ ಲೋಹಿತಾಶ್ವರು. ಕೊಟ್ಟ ಮಾತಿಗಾಗಿ ರಾಜ್ಯವನ್ನು ಕಳೆದು, ಮಡದಿಮಕ್ಕಳನ್ನು ಮಾರಿ, ಮಸಣವನ್ನು ಕಾಯ್ದವನ ಕಥೆಯನ್ನು, ವಿಮೆಯ ಪತ್ರವನ್ನೂ ಹೆಂಡತಿಯ ಒಡವೆಯನ್ನೂ ಅಡವಿಟ್ಟವರೊಬ್ಬರು ತೆರೆಗೆ ತಂದರು. ಕನ್ನಡದ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನ’ವು ತಯಾರಾದುದು ಕೊಲ್ಹಾಪುರದಲ್ಲಿ, ಅದು ೧೯೩೪ನೆಯ ಇಸವಿ ಮಾರ್ಚ್ ೩ರಂದು ತೆರೆಕಂಡಿತು. ಫಾಲ್ಕೆಯವರ ಏಕೈಕ ವಾಕ್ಚಿತ್ರವೂ ಕಡೆಯ ಚಿತ್ರವೂ ಆದ ‘ಗಂಗಾವತರಣ’ವು ೧೯೩೭ರಲ್ಲಿ ಅದೇ ಊರಿನಲ್ಲಿ ತಯಾರಾಯಿತು. ಹರಿಶ್ಚಂದ್ರನೂ ೧೯೪೩ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ ಕನ್ನಡ ಮಾತನಾಡಿದನು.

ಫಾಲ್ಕೆಯವರ ಕಡೆಯ ದಿನಗಳು ಸುಖದವಲ್ಲ. ಮಾತು ಬಂದ ಮೇಲೆ ಮೂಕಚಿತ್ರದ ಶಿಲ್ಪಿಗೆ ಕೆಲಸವಿಲ್ಲವಾಯಿತು. ೧೯೪೪ನೆಯ ಇಸವಿ ಫೆಬ್ರವರಿ ೧೬ರಂದು ಅವರು ನಾಸಿಕದಲ್ಲಿ ತೀರಿಕೊಂಡರು. ಅವರ ಹರಿಶ್ಚಂದ್ರನಲ್ಲಿ ಉಳಿದು ಬಂದಿರುವುದು ಮೊದಲ ಹಾಗೂ ಕಡೆಯ ಸುರುಳಿಗಳು ಮಾತ್ರ. ಅವೂ ಅವರೇ ೧೯೧೭ರಲ್ಲಿ ಮರಳಿ ತಯಾರಿಸಿದ ಚಿತ್ರದವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಭಾರತ ಸರ್ಕಾರವು ೧೯೬೯ರಲ್ಲಿ ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. ‘ಸತ್ಯ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನಾಗಿ ಕಾಣಿಸಿಕೊಂಡ ರಾಜಕುಮಾರರಿಗೆ ೧೯೯೫ನೆಯ ಸಾಲಿನ ಪ್ರಶಸ್ತಿಯೂ, ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ ೨೦೦೮ನೆಯ ಸಾಲಿನದೂ ಸಂದುವು. ಒಬ್ಬರು ತೆರೆಯ ಮುಂದೆ ನಿಂತವರು, ಮತ್ತೊಬ್ಬರು ಕ್ಯಾಮೆರಾದ ಹಿಂದೆ ನಿಂತವರು. ಎರಡು ಎಡೆಗಳಲ್ಲಿಯೂ ಮೊದಲು ದಾರಿ ಮಾಡಿದವರ ಹೆಸರಿನಿಂದ ಇಬ್ಬರಿಗೂ ಗೌರವ ದೊರಕಿದುದು ಯುಕ್ತವೇ ಸರಿ.

ನೋಟಕರೆಲ್ಲರೂ ಫಾಲ್ಕೆಯವರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಅಂದು ಗಿರ್ಗಾಂವಿನಲ್ಲಿ ಅದೇ ಚಿತ್ರವನ್ನು ನೂರಾರು ಮಂದಿ ಕಂಡು, ಸಂತೋಷಪಟ್ಟು, ಮನೆಗೆ ಹೋಗಿ ಮಲಗಿದರು. ಅವರದೂ ತಪ್ಪಲ್ಲ. ಆದರೆ ಕಂಡುದನ್ನು ಮರಳಿ ಕಂಡು, ಪರರ ಕಥೆಯಲ್ಲಿ ತಮ್ಮ ಕಥೆಯ ಕೊರತೆಯನ್ನು ಗುರುತಿಸಿ, ಆ ಕೊರತೆಯನ್ನು ತುಂಬುವವರೆಗೆ ನಿದ್ರೆಗೆಟ್ಟವರು ಒಬ್ಬರಿದ್ದರು. ಭಾರತದ ಚಲಚ್ಚಿತ್ರವು ಆ ನಿದ್ರೆಗೇಡಿನ ಫಲ.