ಮರಳಿನ ಮೇಲೆ ತಿದ್ದಿಸಿದ ಮಕ್ಕಳು

ನಾನು ಓದಿದ್ದು ಏಳನೇ ಕ್ಲಾಸು. ಹೊಲ ಉಳೋದು, ಪದ ಹೇಳೋದು ನನ್ನ ಕೆಲಸ. ಮೊನ್ನೆ ಕಾಲೇಜು ಓದುವ ಮೊಮ್ಮಗಳು ಫೋನಿನಲ್ಲಿ ಏನೋ ತುಂಬುತ್ತಿದ್ದಳು. "ಏನವ್ವಾ ಅದು?" ಅಂದೆ. "ಪಾಠ ಹೆಂಗೆ ನಡೀತಿದೆ, ಏನು ಸರಿಮಾಡಬೇಕು ಅಂತ ನಮ್ಮನ್ನೇ ಕೇಳವ್ರೆ ತಾತ" ಅಂದಳು. ಇದು ಹೊಸ ಮಾತು ಅನ್ನಿಸಿತು. ಆಮೇಲೆ ನನ್ನ ತಾತ ಹೇಳುತ್ತಿದ್ದ ಕೂಲಿಮಠ ನೆನಪಾಯಿತು.

ಆಗ ಊರ ಜಗಲಿಯೇ ಮಠ. ಐಗಳು ಒಬ್ಬರೇ. ಅವರು ದೊಡ್ಡ ಹುಡುಗರಿಗೆ ಹೇಳಿಕೊಡೋರು. ದೊಡ್ಡ ಹುಡುಗರು ಚಿಕ್ಕವರ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸೋರು.

ಇದು ಬರೀ ಮನೆಯ ಕತೆ ಅಲ್ಲ, ದಾಖಲೆಯಲ್ಲೂ ಇದೆ. ನಮ್ಮ ಪಕ್ಕದ ಕೃಷ್ಣಗಿರಿ ಕಡೆಯ ಬಾರಾಮಹಲ್ ಸೀಮೆಯಲ್ಲಿ 1792ರಿಂದ ಕಂದಾಯದ ಕೆಲಸ ಮಾಡಿದ್ದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರ್ ಆದರು. 1822ರಲ್ಲಿ ಅವರು ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕೊಟ್ಟ ಲೆಕ್ಕದಲ್ಲಿ 533 ಶಾಲೆ, 6,641 ಮಕ್ಕಳು. ಅದರಲ್ಲಿ ಕನ್ನಡ ಶಾಲೆಗಳೇ 235. ಮುಂದಿನ ಮಕ್ಕಳು ಹಿಂದಿನವರಿಗೆ ಕಲಿಸುತ್ತಾ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುವುದು ಮೆಚ್ಚುವಂಥದು, ಇಂಗ್ಲೆಂಡಿನವರೂ ಇದನ್ನು ಅನುಸರಿಸಿದ್ದಾರೆ ಅಂತ ಅವರು ಬರೆದರು.

ಇಂಗ್ಲೆಂಡಿಗೆ ಹೋದ ದಾರಿಯೂ ಮದರಾಸಿನದೇ. ಆಂಡ್ರೂ ಬೆಲ್ ಎಂಬ ಪಾದ್ರಿ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದರು. ಈ ನಾಡಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮ ಶಾಲೆಗೂ ತಂದರು. ಮೇಷ್ಟ್ರುಗಳ ಕೈಯಲ್ಲಿ ಅದು ನಡೆಯಲಿಲ್ಲ. ಎಂಟು ವರ್ಷದ ಹುಡುಗನಿಗೆ ಒಪ್ಪಿಸಿದರು, ನಡೆಯಿತು! 1797ರಲ್ಲಿ ಲಂಡನ್ನಿನಲ್ಲಿ ಅವರ ಪುಸ್ತಕ ಬಂತು. ಅದಕ್ಕೆ ಮದರಾಸು ಪದ್ಧತಿ ಅಂತಲೇ ಹೆಸರಾಯಿತು.

ಬರೀ ಹೊಗಳಿದರೆ ಸುಳ್ಳಾಗುತ್ತೆ. ಬಳ್ಳಾರಿಯ ಆ ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೀ 60. ಜಗಲಿ ಹತ್ತಲಾಗದ ಜಾತಿಗಳೂ ಎಷ್ಟೋ. ಕಲಿಸುವ ಹುಡುಗನಿಗೆ ಕೆಲಸ ಕೊಟ್ಟರೇ ಹೊರತು ಅವನ ಮಾತು ಕೇಳುವ ರೂಢಿ ಇರಲಿಲ್ಲ. ನಮ್ಮ ಕಾಲಕ್ಕೂ ಅದು ಬರಲಿಲ್ಲ. "ಲೆಕ್ಕ ತಿಳೀಲಿಲ್ಲ, ಇನ್ನೊಂದು ಸಲ ಹೇಳಿ ಸಾರ್" ಅಂದದ್ದಕ್ಕೆ ನಾನು ಬೆತ್ತದ ಏಟು ತಿಂದವನು. ಆಮೇಲೆ ತಿಳಿಯದಿದ್ದರೂ ಬಾಯಿ ಬಿಡಲಿಲ್ಲ. ಏಳಕ್ಕೇ ಓದು ನಿಂತಿತು.

ಪದದ ಮೇಳದಲ್ಲಿ ಹಂಗಲ್ಲ. ಹಿಂದೆ ಸೊಲ್ಲು ಹೇಳೋ ಹುಡುಗನಿಗೆ ಉಸಿರು ಸಾಲದಿದ್ದರೆ ಮುಂದೆ ಹಾಡೋನೇ ಶ್ರುತಿ ಇಳಿಸಬೇಕು. ಇಲ್ಲದಿದ್ದರೆ ಪದವೇ ಒಡೆದುಹೋಗುತ್ತೆ.

ಹೊಸೂರು ಸೀಮೆಯಲ್ಲಿ ನಮ್ಮ ಮಕ್ಕಳು ತಮಿಳು ಕಲಿಯಲಿ, ಅದು ಬೇಕು. ಆದರೆ ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡ ಅಕ್ಷರ ತಪ್ಪಿಹೋಗಬಾರದು. ಈ ವಾಚನಾಲಯದಲ್ಲಿ ಭಾನುವಾರ ಮೊಮ್ಮಗಳು, ಅವಳ ಗೆಳತಿಯರು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಾರೆ. ಯಾವ ಮಗು ಎಲ್ಲಿ ತಡವರಿಸುತ್ತೆ ಅಂತ ಅವರಿಗೆ ಗೊತ್ತು. ಮೇಷ್ಟ್ರುಗಳೇ, ಒಂದು ಸಲ ಬಂದು ಅವರನ್ನು ಕೇಳಿ.

ಫೋನಿನಲ್ಲಿ ತುಂಬಿದ್ದನ್ನು ಯಾರಾದರೂ ಓದಿದರಾ ಅಂತ ಮೊಮ್ಮಗಳನ್ನು ಕೇಳಿದೆ. "ಗೊತ್ತಿಲ್ಲ ತಾತ" ಅಂದಳು. ಕೇಳಿದ ಮೇಲೆ ಕಿವಿಗೊಡಬೇಕು. ಇಲ್ಲದಿದ್ದರೆ ಅದೂ ಮರಳಿನ ಮೇಲಿನ ಬರಹವೇ.