ಒಂದು ಬುಲೆಟ್ಟಿನ ಮೂಲಪಾಠ

ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ಕುರಿತು ಮೂವತ್ತು ವರ್ಷ ತರಗತಿಯಲ್ಲಿ ಮಾತನಾಡಿದ ನನಗೆ, ನಿವೃತ್ತಿಯ ತರುವಾಯ ಅದೇ ಸಮಸ್ಯೆ ಒಂದು ಮೋಟಾರು ಸೈಕಲ್ಲಿನ ರೂಪದಲ್ಲಿ ಎದುರಾದೀತೆಂಬ ಕಲ್ಪನೆ ಇರಲಿಲ್ಲ. ನನ್ನ ತೀರ್ಥರೂಪರು ಮಲೆನಾಡಿನ ಸೀಮೆಯಲ್ಲಿ ಪಶುವೈದ್ಯರಾಗಿದ್ದರು. 1963ರಲ್ಲಿ ಅವರು ಕೊಂಡ 350 ಸಿ.ಸಿ. ಬುಲೆಟ್, ಅವರು ತೀರಿಕೊಂಡ ಮೇಲೆ ಹಳೆಯ ಮನೆಯ ಕೊಟ್ಟಿಗೆಯಲ್ಲಿ ಅಡಕೆ ಚೀಲಗಳ ಮರೆಯಲ್ಲಿ ಬಹುಕಾಲ ನಿಂತಿತ್ತು. ಅದನ್ನು ಮೊದಲಿನಂತೆ ಮಾಡಿಸಬೇಕೆಂದು ತಮ್ಮನೂ ನಾನೂ ನಿಶ್ಚಯಿಸಿದೆವು. ‘ಮೊದಲಿನಂತೆ’ ಎಂಬ ಆ ಒಂದು ಮಾತು ಎಷ್ಟು ತೊಡಕಿನದೆಂಬುದು ಕೆಲಸಕ್ಕೆ ಕೈಹಾಕಿದ ಮೇಲೆಯೇ ತಿಳಿದದ್ದು.

ನಮ್ಮ ಊರಿನ ಗ್ಯಾರೇಜಿನ ಮೇಸ್ತ್ರಿ ವಯಸ್ಸಾದವರು, ಮಿತಭಾಷಿ. ಭಾಗಗಳನ್ನೆಲ್ಲ ಬಿಚ್ಚಿ ಗೋಣಿತಾಟಿನ ಮೇಲೆ ಸಾಲಾಗಿ ಇರಿಸಿ, “ಮೇಷ್ಟ್ರೇ, ಇದರಲ್ಲಿ ಕಂಪನಿಯದು ಯಾವುದು, ಹೊರಗಿನದು ಯಾವುದು ಅಂತ ಮೊದಲು ತೀರ್ಮಾನ ಆಗಲಿ” ಎಂದರು. ಅವರ ಪರೀಕ್ಷೆಯ ಕ್ರಮ ನನ್ನ ಗಮನವನ್ನು ಸೆಳೆಯಿತು. ಎಂಜಿನ್ನಿನ ಮೇಲೂ ಚಾಸಿಸ್ಸಿನ ಮೇಲೂ ಒತ್ತಿದ್ದ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆನೋಡಿದರು, ಎರಡೂ ಸರಿಹೊಂದಿದವು. ಆಮೇಲೆ ಸ್ಪ್ಯಾನರುಗಳನ್ನು ಹಿಡಿದರು. ಆ ಕಾಲದ ಬುಲೆಟ್ಟಿನ ನಟ್ಟು ಬೋಲ್ಟುಗಳು ಬ್ರಿಟಿಷರ ಅಂಗುಲ ಮಾನದವು. ಮಿಲಿಮೀಟರು ಲೆಕ್ಕದ ಸ್ಪ್ಯಾನರು ಎಲ್ಲಿ ಬಿಗಿಯಾಗಿ ಕೂಡುವುದೋ ಅಲ್ಲಿ ಈಚಿನ ಕೈ ಆಡಿದೆ ಎಂದೇ ಅರ್ಥ. ಪೆಟ್ರೋಲ್ ಟ್ಯಾಂಕಿನ ಲಾಂಛನವನ್ನು ತೆಗೆದಾಗ ಅದರಡಿಯಲ್ಲಿ ಬಿಸಿಲು ಕಾಣದ ಮೂಲ ಬಣ್ಣ ಹಾಗೆಯೇ ಉಳಿದಿತ್ತು. ಕಾರ್ಬೊರೇಟರು ಮಾತ್ರ ಬೇರೆಯದು. ತಂದೆಯವರ ಕೊನೆಗಾಲದಲ್ಲಿ ಯಾವುದೋ ಗ್ಯಾರೇಜಿನಲ್ಲಿ ಬದಲಾದದ್ದು. ಅಕ್ಷರದ ಮೋಡಿಯಿಂದಲೂ ಓಲೆಯ ಸವೆತದಿಂದಲೂ ಪ್ರಕ್ಷಿಪ್ತವನ್ನು ಗುರುತಿಸುವ ವಿದ್ವಾಂಸನ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲವೆಂದು ನನಗೆ ತೋರಿತು.

ಕೊನೆಗೆ ಎರಡು ಭಾಗಗಳು ತಕರಾರಿಗೆ ಉಳಿದವು. ಕೆಳಗೆ ಇರಬೇಕಾದ ಸೈಲೆನ್ಸರು ಒಂದು ಒರಟು ಕಬ್ಬಿಣದ ಪಟ್ಟಿಯ ಆಧಾರದಿಂದ ಮೇಲಕ್ಕೇರಿತ್ತು. ಗೇರುಪೆಟ್ಟಿಗೆಯಿಂದ ಚೈನನ್ನು ಎಳೆಯುವ ಸ್ಪ್ರಾಕೆಟ್ಟಿಗೆ ಇರಬೇಕಾದುದಕ್ಕಿಂತ ಕಡಿಮೆ ಹಲ್ಲುಗಳಿದ್ದವು. “ಎರಡೂ ಕಂಪನಿಯದಲ್ಲ, ತೆಗೆದುಬಿಡೋಣ” ಎಂದರು ಮೇಸ್ತ್ರಿ. ಹಳೆಯ ವಾಹನಗಳನ್ನು ಸಂಗ್ರಹಿಸುವ ಮಹನೀಯರೊಬ್ಬರು, ಕಾರ್ಖಾನೆಯಿಂದ ಬಂದ ರೂಪದಲ್ಲೇ ಇದ್ದರೆ ಒಳ್ಳೆಯ ಬೆಲೆ ಕೊಡುವುದಾಗಿ ಹೇಳಿದ್ದರು. ತಮ್ಮನ ಒಲವೂ ಆ ಕಡೆಗೇ ಇತ್ತು. ತೀರ್ಮಾನಕ್ಕೆ ಮೊದಲು ಈ ವಾಹನದ ವಂಶಾವಳಿಯನ್ನು ತಿಳಿಯೋಣವೆಂದು ನಾನು ಚರಿತ್ರೆಯ ಕಡೆಗೆ ತಿರುಗಿದೆ.

ಬುಲೆಟ್ ಎಂಬ ಹೆಸರು 1932ರಷ್ಟು ಹಳೆಯದು. ಆದರೆ ನಾವು ಬಲ್ಲ ಬುಲೆಟ್ ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ಅನಂತರ, ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ. ಆ ದೇಶದಲ್ಲಿ ಟ್ರಯಲ್ಸ್ ಎಂಬ ಒಂದು ಬಗೆಯ ಸ್ಪರ್ಧೆ ಉಂಟು. ಅದು ವೇಗದ ಪಂದ್ಯವಲ್ಲ, ಸಮತೋಲನದ ಪರೀಕ್ಷೆ. ಹಳ್ಳದ ಬಂಡೆಗಳನ್ನೂ ಕೆಸರನ್ನೂ ಕಡಿದಾದ ಏರುಗಳನ್ನೂ ಸವಾರನು ಕಾಲು ನೆಲಕ್ಕೆ ಊರದೆ ದಾಟಬೇಕು. ಊರಿದರೆ ದಂಡದ ಅಂಕ. ಕಡಿಮೆ ದಂಡ ತೆತ್ತವನೇ ವಿಜಯಿ. ಹಿಂದಿನ ಚಕ್ರ ಚೌಕಟ್ಟಿಗೆ ಬಿಗಿಯಾಗಿ ಕೂಡಿಕೊಂಡಿದ್ದರೆ ಮಾತ್ರ ಇಂಥ ನೆಲದಲ್ಲಿ ಹಿಡಿತ ಸಿಗುವುದೆಂಬುದು ಆಗಿನ ಅನೇಕ ಸವಾರರ ನಂಬಿಕೆಯಾಗಿತ್ತು. 1948ರ ಆರಂಭದಲ್ಲಿ ಕೋಲ್‌ಮೋರ್ ಕಪ್ ಎಂಬ ಟ್ರಯಲ್ಸಿಗೆ ರೆಡ್ಡಿಚ್ಚಿನವರು ಇಳಿಸಿದ ಪ್ರಾಯೋಗಿಕ ಬುಲೆಟ್ಟುಗಳಲ್ಲಿ ಹಿಂದಿನ ಚಕ್ರ ಸ್ಪ್ರಿಂಗುಗಳ ಆಸರೆಯಲ್ಲಿ ಮೇಲೆ ಕೆಳಗೆ ತೂಗುವಂತಿತ್ತು. ಅದೇ ವರ್ಷ ಇಟಲಿಯ ಸಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಸ್ಪರ್ಧೆಯಲ್ಲಿ ಬುಲೆಟ್ ಏರಿದ್ದ ಇಬ್ಬರು ಚಿನ್ನದ ಪದಕ ಪಡೆದರು. 1952ರಲ್ಲಿ ಜಾನಿ ಬ್ರಿಟ್ಟನ್ ಎಂಬ ಸವಾರ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸನ್ನು 350 ಸಿ.ಸಿ. ಬುಲೆಟ್ಟಿನ ಮೇಲೆ ಗೆದ್ದುದರಿಂದ ಹಳೆಯ ಶಂಕೆ ಬಹುಮಟ್ಟಿಗೆ ನಿವಾರಣೆಯಾಯಿತು. ಇಂದು ನಾವು ಸಾಮಾನ್ಯವೆಂದು ತಿಳಿದಿರುವ ಹಿಂಚಕ್ರದ ಆ ತೂಗುವಿಕೆ, ಬಂಡೆಗಳ ಮೇಲೆ ಪರೀಕ್ಷೆಗೊಳಗಾಗಿ ರಸ್ತೆಗೆ ಬಂದದ್ದು.

ನಮ್ಮ ಸೇನೆ ಗಡಿಯ ಕಾವಲಿಗೆ ಬುಲೆಟ್ಟನ್ನು ಆರಿಸಿಕೊಂಡದ್ದು 1950ರ ದಶಕದ ಮೊದಲ ಭಾಗದಲ್ಲಿ. 1955ರಲ್ಲಿ ರೆಡ್ಡಿಚ್ಚಿನ ಕಂಪನಿಯೂ ಮದ್ರಾಸ್ ಮೋಟಾರ್ಸ್ ಸಂಸ್ಥೆಯೂ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು. ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಮೊದಮೊದಲು ಇಂಗ್ಲೆಂಡಿನಿಂದ ಬಂದ ಭಾಗಗಳನ್ನು ಜೋಡಿಸುತ್ತಿದ್ದರು. ಕ್ರಮೇಣ ಎಲ್ಲವೂ ಇಲ್ಲಿಯೇ ತಯಾರಾಗತೊಡಗಿದವು. 1967ರಲ್ಲಿ ರೆಡ್ಡಿಚ್ಚಿನ ಕಾರ್ಖಾನೆ ಮುಚ್ಚಿತು. ಇಲ್ಲಿಯ ತಯಾರಿಕೆ ನಿಲ್ಲಲಿಲ್ಲ. 1977ರಿಂದ ಮದ್ರಾಸಿನ ಬುಲೆಟ್ಟುಗಳು ಇಂಗ್ಲೆಂಡಿಗೇ ರಫ್ತಾಗತೊಡಗಿದವು. ತವರಿನಲ್ಲಿ ನಷ್ಟವಾದ ಗ್ರಂಥ ದೂರದ ಭಂಡಾರದಲ್ಲಿ ಉಳಿದು ಮರಳಿದಂತೆ!

ಇಷ್ಟನ್ನು ಓದುತ್ತಿದ್ದಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಟ್ರಯಲ್ಸಿನ ವಾಹನಗಳಲ್ಲಿ ನೀರೂ ಬಂಡೆಯೂ ತಾಗದಂತೆ ಸೈಲೆನ್ಸರನ್ನು ಮೇಲಕ್ಕೆ ಏರಿಸುತ್ತಿದ್ದರು. ಎಂಜಿನ್ ನಿಲ್ಲದೆ ನಿಧಾನವಾಗಿ ಏರು ಹತ್ತಲೆಂದು ಗೇರಿನ ಪ್ರಮಾಣವನ್ನು ತಗ್ಗಿಸುತ್ತಿದ್ದರು. ನಮ್ಮ ಮನೆಯ ಬುಲೆಟ್ಟಿನಲ್ಲಿ ಹೊರಗಿನವೆನಿಸಿಕೊಂಡ ಎರಡು ಭಾಗಗಳೂ ಇವೇ ಅಲ್ಲವೆ? ತಂದೆಯವರು ಟ್ರಯಲ್ಸ್ ಎಂಬ ಹೆಸರನ್ನೂ ಕೇಳಿದವರಲ್ಲ. ಒಂದು ಮಳೆಗಾಲದ ರಾತ್ರಿ, ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವಿಗಾಗಿ ಕರೆ ಬಂದು ಹೊರಟಾಗ, ಹಳ್ಳದ ನಡುವೆ ಸೈಲೆನ್ಸರಿಗೆ ನೀರು ನುಗ್ಗಿ ಬಂಡಿ ನಿಂತಿತು. ಅವರು ನಡೆದು ತಲುಪುವ ಹೊತ್ತಿಗೆ ಹಸು ಉಳಿದಿರಲಿಲ್ಲ. ಆ ಮನೆಗೆ ಇದ್ದುದು ಅದೊಂದೇ ಕರೆಯುವ ಹಸು. ಮರುವಾರವೇ ಕಮ್ಮಾರನ ಕುಲುಮೆಯಲ್ಲಿ ಆ ಪಟ್ಟಿ ಸಿದ್ಧವಾಯಿತೆಂದು ನಮ್ಮ ತಾಯಿ ಹೇಳುತ್ತಿದ್ದರು.

ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ಪ್ರಮಾದ ಬೇರೆ, ಕವಿಯೇ ಮಾಡಿಕೊಂಡ ತಿದ್ದುಪಡಿ ಬೇರೆ. ಮೊದಲನೆಯದನ್ನು ಕಳೆಯಬೇಕು, ಎರಡನೆಯದನ್ನು ಉಳಿಸಬೇಕು. ಯಾರದೋ ಉದಾಸೀನದಿಂದ ಸೇರಿದ ಕಾರ್ಬೊರೇಟರು ಲಿಪಿಕಾರನ ಪ್ರಮಾದ. ಅದರ ಜಾಗಕ್ಕೆ ಆ ಕಾಲದ ಅಮಾಲ್ ಕಾರ್ಬೊರೇಟರನ್ನು ಹುಡುಕಿಸಿ ತಂದೆವು. ಆದರೆ ಮೇಲೇರಿದ ಸೈಲೆನ್ಸರನ್ನೂ ಹಲ್ಲು ಕಡಿಮೆಯ ಸ್ಪ್ರಾಕೆಟ್ಟನ್ನೂ ಕಿತ್ತರೆ ಉಳಿಯುವುದು 1963ರ ಯಾವುದೋ ಒಂದು ಬುಲೆಟ್, ನಮ್ಮ ತಂದೆಯವರದಲ್ಲ. ಹೀಗೆಂದು ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹಸುವಿನ ಸಂಗತಿ ನನಗೆ ಗೊತ್ತಿರಲಿಲ್ಲ ಅಣ್ಣಾ” ಎಂದ. ಸಂಗ್ರಾಹಕರು ತಮ್ಮ ಮಾತನ್ನು ಹಿಂತೆಗೆದುಕೊಂಡರು. ಅವರ ದೃಷ್ಟಿಯಿಂದ ಅದು ನ್ಯಾಯವೇ. ಮೇಸ್ತ್ರಿ ಏನನ್ನೂ ಹೇಳದೆ ಕಮ್ಮಾರನ ಪಟ್ಟಿಯ ತುಕ್ಕು ತಿಕ್ಕಿ ತೆಗೆದು, ಹಳೆಯ ಬೋಲ್ಟಿನಿಂದಲೇ ಬಿಗಿದರು.

ಯಾವ ಭಾಗ ಕಾರ್ಖಾನೆಯದು, ಯಾವುದು ತಂದೆಯವರು ಮಾಡಿಸಿದ್ದು, ಯಾವುದು ನಾವು ಹೊಸದಾಗಿ ಹಾಕಿಸಿದ್ದು ಎಂಬುದನ್ನೆಲ್ಲ ದಿನಾಂಕಸಹಿತ ಬರೆದು ಆರ್.ಸಿ. ಪುಸ್ತಕದೊಡನೆ ಇರಿಸಿದ್ದೇನೆ. ಮುಂದೆ ಇದನ್ನು ಬಿಚ್ಚುವವರು ಯಾರೇ ಆಗಲಿ, ಕಮ್ಮಾರನ ಪಟ್ಟಿಗೆ ಕೈಹಾಕುವ ಮೊದಲು ಆ ಹಾಳೆಯನ್ನು ಒಮ್ಮೆ ಓದಲಿ.