ಹಳೆಯ ಆಟಯಂತ್ರಗಳ ಸಂರಕ್ಷಣೆ: ಶಹಾಪುರ ಸೀಮೆಯಿಂದ ಒಂದು ವಿವೇಚನೆ

ಇತಿಹಾಸದ ಆಕರಗಳೆಂದೊಡನೆ ನಮ್ಮ ಲಕ್ಷ್ಯವು ಶಾಸನ, ನಾಣ್ಯ, ಶಿಲ್ಪ, ಓಲೆಗರಿಗಳ ಕಡೆಗೆ ಹರಿಯುವುದು ಸಹಜ. ನಾಣ್ಯ ಹಾಕಿ ಆಡುವ ವೀಡಿಯೊ ಆಟದ ಯಂತ್ರವನ್ನು ಆ ಸಾಲಿನಲ್ಲಿ ನಿಲ್ಲಿಸಿದರೆ ಕೆಲವರಿಗೆ ನಗೆ ಬಂದೀತು. ಆದರೆ ಈ ಯಂತ್ರಗಳು ಹುಟ್ಟಿ ಅರ್ಧ ಶತಮಾನ ಕಳೆದಿದೆ. ನಾನಾ ದೇಶಗಳ ಸಂಗ್ರಾಹಕರು ಅವನ್ನು ದುರಸ್ತಿಗೊಳಿಸಿ, ಊರಿಂದೂರಿಗೆ ಸಾಗಿಸಿ ಉಳಿಸಿಕೊಂಡು ಬಂದಿದ್ದಾರೆ. ಅವರ ಕೆಲಸದಲ್ಲಿ ಅಡಗಿರುವ ಪ್ರಶ್ನೆಯು ಎಲ್ಲ ಇತಿಹಾಸಕಾರರಿಗೂ ಸೇರಿದುದು: ಒಂದು ವಸ್ತುವಿನಲ್ಲಿ ಉಳಿಸಲೇಬೇಕಾದುದು ಯಾವುದು, ಬಿಟ್ಟುಕೊಡಬಹುದಾದುದು ಯಾವುದು? ಇದನ್ನು ವಿಚಾರಿಸಲು ನಮ್ಮ ಜಿಲ್ಲೆಯಲ್ಲಿಯೇ ಎರಡು ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದು ಶಹಾಪುರದ ಸಮೀಪದ ವಿಭೂತಿಹಳ್ಳಿ. ಬೃಹತ್ ಶಿಲಾಯುಗದ ಸಂಸ್ಕೃತಿಗೆ ಸೇರಿದ ಇಲ್ಲಿಯ ನೆಲೆಯಲ್ಲಿ ದೊಡ್ಡ ದೊಡ್ಡ ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಇರಿಸಲಾಗಿದೆ. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದ ಮಧ್ಯಭಾಗದಲ್ಲಿ ಇವನ್ನು ವರ್ಣಿಸಿದನು. 1956ರಲ್ಲಿ ಎಫ್. ಆರ್. ಆಲ್‌ಚಿನ್ ದಕ್ಷಿಣ ಹೈದರಾಬಾದಿನ ಇಂತಹ ಕಲ್ಸಾಲುಗಳನ್ನು ಕುರಿತು ಬರೆದರು. 1993ರಲ್ಲಿ ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ಈ ಸಾಲುಗಳ ದಿಕ್ಕಿಗೂ ಸೂರ್ಯನ ಉದಯಾಸ್ತಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಇಲ್ಲಿ ಬಿಡಿಯಾದ ಕಲ್ಲಿಗೆ ಹೇಳಿಕೊಳ್ಳುವಂತಹ ಮಹತ್ವವಿಲ್ಲ. ಅದು ಇರುವ ಸ್ಥಾನದಲ್ಲಿಯೇ ಅದರ ಅರ್ಥವಿದೆ. ಅದನ್ನು ಎಷ್ಟೇ ಜೋಪಾನವಾಗಿ ವಸ್ತುಸಂಗ್ರಹಾಲಯಕ್ಕೆ ಒಯ್ದರೂ ಅಲ್ಲಿಗೆ ತಲುಪುವುದು ಬರಿಯ ಬಂಡೆ.

ಎರಡನೆಯದು ಚೌಕಾಬಾರ. ಐದೈದು ಮನೆಗಳ ಒಂದು ಚೌಕ, ನಾಲ್ಕು ಕವಡೆ, ಆಡುವವರಿಗೆ ನಾಲ್ಕು ನಾಲ್ಕು ಕಾಯಿ: ಇಷ್ಟೇ ಅದರ ಸಾಮಗ್ರಿ. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಚೌಕವನ್ನು ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೀಚಿದರೂ ಸಾಕು. ಕವಡೆಗೆ ಬದಲು ಸೀಳಿದ ಹುಣಸೆಬೀಜವೂ ಆದೀತು. ನಿಯಮವು ತಿಳಿದವರ ನೆನಪಿನಲ್ಲಿದೆ, ಸಾಮಗ್ರಿ ಎಲ್ಲಿ ಬೇಕಾದರೂ ಸಿಕ್ಕುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳ ಜೊತೆಯಲ್ಲಿ ಈ ಆಟವೂ ಬಿಡಿಗಾಸಿನ ಖರ್ಚಿಲ್ಲದೆ ಹೋಗಿ ಸೇರುತ್ತಿತ್ತು.

ಆಟಯಂತ್ರವು ಇವೆರಡರ ನಡುವೆ ನಿಲ್ಲುತ್ತದೆ. ಅದರ ನಿಯಮವು ಯಾರ ನೆನಪಿನಲ್ಲಿಯೂ ಇಲ್ಲ. ಸರ್ಕಿಟ್ ಬೋರ್ಡಿನ ಚಿಪ್ಪುಗಳಲ್ಲಿ ಅಡಗಿದೆ. 1972ರ ಪಾಂಗ್, 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್-ಮ್ಯಾನ್ ಇವು ಈ ಪರಂಪರೆಯ ಮೈಲಿಗಲ್ಲುಗಳು. ಕರ್ನಾಟಕದಲ್ಲಿಯೂ ವೀಡಿಯೊ ಆಟದ ಪಾರ್ಲರುಗಳು ತಲೆಯೆತ್ತಿದವು. ಅವುಗಳ ಕುರುಹು ನಮಗೆ ಸ್ಪಷ್ಟವಾಗಿ ದೊರೆಯುವುದು ನ್ಯಾಯಾಲಯದ ದಾಖಲೆಯಲ್ಲಿ. ಎಂ. ಜೆ. ಶಿವಾನಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1995ರಲ್ಲಿ ತೀರ್ಪಿತ್ತು, ಪಾರ್ಲರುಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದ ಕ್ರಮವನ್ನು ಎತ್ತಿಹಿಡಿಯಿತು. ಆಟದಲ್ಲಿ ಕೌಶಲವೆಷ್ಟು, ಅದೃಷ್ಟವೆಷ್ಟು ಎಂಬ ಚರ್ಚೆ ಅದರಲ್ಲಿದೆ. ಮುಂದಿನ ವಿದ್ಯಾರ್ಥಿಯು ಆ ತೀರ್ಪನ್ನು ಓದಬಲ್ಲನು; ಆದರೆ ತೀರ್ಪಿಗೆ ವಿಷಯವಾದ ಯಂತ್ರವನ್ನು ಆಡಿ ನೋಡದೆ ಆ ಚರ್ಚೆಯನ್ನು ಅಳೆಯುವುದು ಹೇಗೆ?

ಯಂತ್ರದ ಆಯುಷ್ಯವಾದರೋ ಕಲ್ಲಿನಂತಹುದಲ್ಲ. ಕೆಪ್ಯಾಸಿಟರುಗಳು ಒಣಗುತ್ತವೆ, ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಪಿಕ್ಚರ್ ಟ್ಯೂಬು ಮಂಕಾಗುತ್ತದೆ. ಕ್ಯಾಪ್‌ಕಾಮ್ ಕಂಪನಿಯು 1993ರಿಂದ ಬಳಕೆಗೆ ತಂದ ಒಂದು ಬಗೆಯ ಬೋರ್ಡಿನಲ್ಲಿ, ಬ್ಯಾಟರಿ ಮುಗಿದೊಡನೆ ಗುಪ್ತ ಕೀಲಿಯು ಅಳಿಸಿಹೋಗಿ ಆಟವೇ ನಿಂತುಬಿಡುತ್ತಿತ್ತು. ನಕಲನ್ನು ತಡೆಯಲೆಂದು ಮಾಡಿದ ಏರ್ಪಾಡು ಅಸಲಿಗೇ ಮೃತ್ಯುವಾಯಿತು. ಅಂತಹ ಬೋರ್ಡುಗಳಿಗೆ ಮತ್ತೆ ಜೀವ ಕೊಡುವ ಉಪಾಯವನ್ನು 2016ರಲ್ಲಿ ಕಂಡುಹಿಡಿದವರು ಹವ್ಯಾಸಿಗಳು. 1997ರಲ್ಲಿ ನಿಕೋಲಾ ಸಾಲ್ಮೋರಿಯಾ ಹೊರತಂದ ಮೇಮ್ ಎಂಬ ತಂತ್ರಾಂಶವು ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಯಿಸುವ ದಾರಿಯನ್ನು ತೆರೆದಿತ್ತು.

ಸಾಗಾಣಿಕೆಯ ವಿಷಯದಲ್ಲಿ ಸಂಗ್ರಾಹಕರು ಕಂಡುಕೊಂಡ ಮಾರ್ಗವು ಗಮನಾರ್ಹವಾದುದು. ಆಳೆತ್ತರದ ಮರದ ಪೆಟ್ಟಿಗೆಯ ತೂಕವು ಸಾಮಾನ್ಯವಾಗಿ 100 ಕಿಲೋಗ್ರಾಮನ್ನು ಮೀರುತ್ತದೆ; ಅದನ್ನು ದೂರಕ್ಕೆ ಸಾಗಿಸುವ ವೆಚ್ಚ ಹಲವೊಮ್ಮೆ ಕೊಂಡ ಬೆಲೆಗೂ ಮಿಗಿಲು. ಆದರೆ 1980ರ ದಶಕದ ಮಧ್ಯದಲ್ಲಿ ಜಪಾನಿನ ತಯಾರಕರ ಸಂಘವು ಜಾಮಾ ಎಂಬ 56 ಸಂಪರ್ಕಗಳ ಏಕರೂಪದ ಜೋಡಣೆಯನ್ನು ಗೊತ್ತುಪಡಿಸಿದ ಮೇಲೆ, ಒಂದೇ ಪೆಟ್ಟಿಗೆಯಲ್ಲಿ ಬೇರೆಬೇರೆ ಬೋರ್ಡುಗಳನ್ನು ಕೂಡಿಸಿ ಆಡುವುದು ಸಾಧ್ಯವಾಯಿತು. ಪೆಟ್ಟಿಗೆಯನ್ನು ಇದ್ದಲ್ಲಿಯೇ ಬಿಟ್ಟು ಬೋರ್ಡನ್ನಷ್ಟೇ ಕೈಚೀಲದಲ್ಲಿ ಒಯ್ಯಬಹುದು. ಪೆಟ್ಟಿಗೆಯನ್ನೇ ಸಾಗಿಸಬೇಕಾದಾಗ ಹಲವರು ಕೂಡಿ ಒಂದು ಲಾರಿಯ ಬಾಡಿಗೆಯನ್ನು ಹಂಚಿಕೊಳ್ಳುತ್ತಾರೆ. ಯಾದಗಿರಿಗೆ ರೈಲಿದೆ, ಶಹಾಪುರ, ಸುರಪುರಗಳಿಗೆ ರಸ್ತೆಯೇ ಗತಿ. ಸರಕಿಳಿಸಿ ಬರಿದಾಗಿ ಹಿಂದಿರುಗುವ ಲಾರಿಯನ್ನು ಹಿಡಿಯುವ ನಮ್ಮ ವ್ಯಾಪಾರಿಗಳ ಜಾಣತನವು ಇಲ್ಲಿಯೂ ಸಲ್ಲುತ್ತದೆ.

ಹಾಗಾದರೆ ಬೋರ್ಡೇ ಯಂತ್ರವೆನ್ನೋಣವೇ? ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ಬೋರ್ಡು ಚೌಕಾಬಾರದಂತೆ ನಿಯಮವನ್ನು ಹೊತ್ತೊಯ್ಯುತ್ತದೆ. ಪೆಟ್ಟಿಗೆಯ ಎತ್ತರ, ಸವೆದ ಗುಂಡಿಗಳು, ನಾಣ್ಯದ ಕಿಂಡಿ, ಇಬ್ಬರು ಭುಜಕ್ಕೆ ಭುಜ ತಾಗಿ ನಿಲ್ಲುವ ಜಾಗ ಇವು ವಿಭೂತಿಹಳ್ಳಿಯ ಸಾಲಿನಂತೆ ಸನ್ನಿವೇಶವನ್ನು ಹೇಳುತ್ತವೆ. ಹಣದ ಅಭಾವದಿಂದ ಎರಡನೆಯದನ್ನು ಬಿಡಬೇಕಾಗಿ ಬಂದರೆ ಅದರ ಅಳತೆ, ಛಾಯಾಚಿತ್ರ, ನಿಂತಿದ್ದ ಸ್ಥಳ, ಆಡಿದವರ ಹೇಳಿಕೆ ಇವನ್ನಾದರೂ ಬರೆದಿಡತಕ್ಕದ್ದು.

ಕಾನೂನಿನ ಆಶ್ರಯವನ್ನು ಕಾಯುತ್ತ ಕುಳಿತರೆ ಕಾಲ ಮಿಂಚೀತು. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ಪ್ರಕಾರ ಪುರಾವಸ್ತುವೆನಿಸಲು ಸಾಮಾನ್ಯವಾಗಿ 100 ವರ್ಷ ತುಂಬಿರಬೇಕು. ಅದೇ ವರ್ಷ ಹುಟ್ಟಿದ ಪಾಂಗ್ ಯಂತ್ರಕ್ಕೆ ಆ ಯೋಗ್ಯತೆ ಬರುವುದು 2072ರಲ್ಲಿ. ಇತ್ತ 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವೀಡಿಯೊ ಆಟಗಳು ಈಗಾಗಲೇ ಸೇರಿವೆ. ಒಂದು ಶಾಸನಕ್ಕೆ ಅದು ತೀರ ಎಳೆಯದು, ಇನ್ನೊಂದಕ್ಕೆ ಆಗಲೇ ಕಸ. ಈ ನಡುವಣ ಅವಧಿಯಲ್ಲಿ ಅದನ್ನು ಕಾಯುವವರು ಸಂಗ್ರಾಹಕರೂ ರಿಪೇರಿಯವರೂ ಮಾತ್ರ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ದೊಡ್ಡ ಸಂಗ್ರಹವನ್ನು ಮಾಡಲಾಗದಿದ್ದರೂ ಒಂದು ಕೆಲಸವನ್ನು ಇಂದೇ ಕೈಗೊಳ್ಳಬಹುದು. ಪಿಕ್ಚರ್ ಟ್ಯೂಬಿನ ಟಿ.ವಿ.ಗಳನ್ನು ಬಿಚ್ಚಿ ಜೋಡಿಸಿದ ಕೈಗಳು ನಮ್ಮ ಪೇಟೆಗಳಲ್ಲಿ ಇನ್ನೂ ಉಳಿದಿವೆ. ವಿದ್ಯಾರ್ಥಿಗಳು ಅವರ ಬಳಿ ಕುಳಿತು ಆ ವಿದ್ಯೆಯನ್ನು ಬರೆದುಕೊಳ್ಳಲಿ. ಯಂತ್ರವು ಮುಂದೆಂದಾದರೂ ಊರಿಗೆ ಬಂದೀತು. ಅದನ್ನು ನಡೆಯಿಸಬಲ್ಲವನು ಅಷ್ಟರಲ್ಲಿ ಇಲ್ಲವಾದರೆ ಬಂದುದು ಬರಿಯ ಪೆಟ್ಟಿಗೆಯಾದೀತು.